ತ್ರಿಪಾತ್ರದಲ್ಲಿ ಅವಲಕ್ಕಿ!

1978ರ ‘ಶಂಕರ್ ಗುರು’ ಚಿತ್ರದಲ್ಲಿ ಅಣ್ಣಾವ್ರು ಮೂರು ಪಾತ್ರ ಮಾಡಿ ಶಿಳ್ಳೆ ಹೊಡೆಸಿಕೊಂಡರು. ಅವಲಕ್ಕಿಯೂ ಮೂರು ಪಾತ್ರದ ನಟನೇ ನೋಡ್ರಿ! ಪೇಪರ್, ಮಧ್ಯಮ, ದಪ್ಪ... ಮುಖ ಒಂದೇ, ಸ್ವಭಾವ ಬೇರೆ. ಗುರುತು ಹಿಡಿಯದವನ ಕೈಯಲ್ಲಿ ಮುದ್ದೆಯಾಗೋದು ಗ್ಯಾರಂಟಿ.

ನಮ್ಮ ತಾಳಿಕೋಟೆ 1565ರ ಯುದ್ಧದಿಂದ ಶಾಲೆ ಪುಸ್ತಕ ಸೇರಿದ ಊರು. ಸುತ್ತಲೂ ಡೋಣಿ ಸೀಮೆಯ ಕರಿ ಮಣ್ಣು, ಬಿಳಿಜೋಳ. ದಿನದ ಊಟಕ್ಕೆ ರೊಟ್ಟಿ; ಬೀಗರು ಬಂದರೆ ಅವಲಕ್ಕಿ. ಕನ್ಯಾ ನೋಡಾಕ ಹೋದರಂತೂ ಒಂದು ಪ್ಲೇಟ್ ಅವಲಕ್ಕಿ, ಒಂದು ಕಪ್ ಚಹಾ ಖಾಯಂ.

ಹೋದ ಶ್ರಾವಣದಲ್ಲಿ ಗೆಳೆಯನ ಜೊತೆ ನಾನೂ ಹೋಗಿದ್ದೆ. “ಹುಡುಗೀನ ಮಾಡ್ಯಾಳ್ರೀ” ಎಂದು ಆಕೆಯ ಕಾಕಾ ಜಂಬದಿಂದ ಹೇಳಿದರು. ಗೆಳೆಯನ ಅವ್ವ ಒಂದು ಚಮಚ ಬಾಯಿಗಿಟ್ಟು, “ಸ್ವಲ್ಪ ಮೆತ್ತಗಾಗೇತಿ” ಅಂದರು. ತಲೆ ತಗ್ಗಿಸಿ ಕೂತಿದ್ದ ಹುಡುಗಿ ಮೆಲ್ಲಗೆ ಮುಖ ಎತ್ತಿ ನಮ್ಮ ಹೀರೋನನ್ನೇ ಕೇಳಿದಳು: “ನಿಮಗ ಮಾಡಾಕ ಬರ್ತೈತೇನ್ರೀ?”

ಥಿಯೇಟರಿನಲ್ಲಿ ರೀಲು ಕಟ್ಟಾದಂಥ ಮೌನ!

ಮುಂದಿನ ಭಾನುವಾರ ಅವನು ನನ್ನ ರೂಮಿಗೆ ಬಂದ. “ದೋಸ್ತ, ಕಲಿಸು.”

ಭತ್ತ ನೆನೆಸಿ, ಹುರಿದು, ಬಿಸಿಯಿರುವಾಗಲೇ ಒತ್ತಿ ಚಪ್ಪಟೆ ಮಾಡಿದ್ದು ಅವಲಕ್ಕಿ. ಬೆಂದೇ ಅಂಗಡಿಗೆ ಬಂದಿರುತ್ತದೆ. ಹಾಗಾಗಿ ಇಲ್ಲಿ ನೀರೇ ವಿಲನ್! ದಪ್ಪದ್ದನ್ನು ಒಂದೈದು ನಿಮಿಷ ನೆನೆಸಬೇಕು. ಮಧ್ಯಮದ್ದು ತೊಳೆದು ಬಸಿದಿಟ್ಟರೆ ಸಾಕು, ಒಗ್ಗರಣೆಗೆ ರೆಡಿ. ಪೇಪರಿಗಂತೂ ನೀರು ತೋರಿಸಲೇಬಾರದು. ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಪುಟಾಣಿ, ಕರಿಬೇವು ಹುರಿದು ಇಳಿಸಿ, ಸ್ವಲ್ಪ ಆರಿದ ಮೇಲೆ ಅರಿಶಿನ, ಖಾರಪುಡಿ, ಉಪ್ಪು, ಚಿಟಿಕೆ ಸಕ್ಕರೆ. ಕುದಿಯುವ ಎಣ್ಣೆಗೇ ಖಾರಪುಡಿ ಸುರಿದರೆ ಕರಕಲು, ಮೇಲೆ ಓಣಿಗೆಲ್ಲ ಕೆಮ್ಮು! ಆಮೇಲೆ ಕೈಯಿಂದ ಹಗುರವಾಗಿ ಹಚ್ಚಬೇಕು. ಅದಕ್ಕೇ ಅದು ‘ಹಚ್ಚಿದ ಅವಲಕ್ಕಿ’. ಉಳ್ಳಾಗಡ್ಡಿ, ಲಿಂಬಿಹಣ್ಣು ತಿನ್ನುವ ಹೊತ್ತಿಗೆ ಮಾತ್ರ. ಮೊದಲೇ ಹಾಕಿದರೆ ಗರಿಗರಿ ಹೋಯಿತು.

ಸಿಹಿಗೂ ಅದೇ ಪೇಪರ್. ಪುಡಿ ಬೆಲ್ಲ, ಹಸಿ ಕೊಬ್ಬರಿ ತುರಿ, ಏಲಕ್ಕಿ, ತುಪ್ಪ ಚೆನ್ನಾಗಿ ಕಲಸಿ, ಅವಲಕ್ಕಿ ಸೇರಿಸಿ ಹತ್ತು ನಿಮಿಷ ಮುಚ್ಚಿಡಿ. ಬೆಲ್ಲ, ಕೊಬ್ಬರಿಯ ತೇವದಲ್ಲೇ ಅದು ನೆನೆಯುತ್ತದೆ. ಭಾಗವತದಲ್ಲಿ ಕುಚೇಲನ ಅವಲಕ್ಕಿಗೆ ಕೃಷ್ಣ ಎರಡನೇ ಸಲ ಕೈ ಹಾಕಿದಾಗ ರುಕ್ಮಿಣಿ ತಡೆದಳಲ್ಲ, ಗೆಳೆಯನ ಐದನೇ ಹಿಡಿಗೆ ನಾನು ರುಕ್ಮಿಣಿಯಾದೆ!

ಮದುವೆ ಮಾತುಕತೆ ಇನ್ನೂ ನಡೆದಿದೆ. ಮೊನ್ನೆ ಅವನು ತಾನೇ ಒಗ್ಗರಣೆ ಅವಲಕ್ಕಿ ಮಾಡಿ ಅವ್ವನಿಗೆ ಬಡಿಸಿದನಂತೆ. ಪೂರ್ತಿ ಪ್ಲೇಟ್ ಖಾಲಿ ಮಾಡಿ ಅವರಂದರಂತೆ: “ಸ್ವಲ್ಪ ಮೆತ್ತಗಾಗೇತಿ. ಇನ್ನೊಂದೀಟು ಹಾಕು.”