ವಸಂತಾರಂಭದ ತರಕಾರಿ ಕೈತೋಟ

ವಸಂತಾರಂಭದ ತರಕಾರಿ ಕೈತೋಟವೆಂದರೆ ಚಳಿ ಮುಗಿದು ಬಿಸಿಲು ಏರತೊಡಗುವ ಕಾಲದಲ್ಲಿ ಮನೆಯ ಹಿತ್ತಲು, ಅಂಗಳ ಅಥವಾ ತಾರಸಿಯಲ್ಲಿ ಮನೆಬಳಕೆಗಾಗಿ ತರಕಾರಿ ಬೆಳೆಯಲು ತೊಡಗುವುದು. ಕರ್ನಾಟಕದ ಬಯಲುಸೀಮೆಯಲ್ಲಿ ಇದಕ್ಕೆ ಫೆಬ್ರುವರಿ ಆರಂಭದಿಂದ ಮಾರ್ಚ್ ಮಧ್ಯಭಾಗದವರೆಗಿನ ಅವಧಿ ಸೂಕ್ತವಾಗಿದೆ.

ಕಾಲದ ಮಹತ್ವ

ಯುರೋಪ್ ಮತ್ತು ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ವಸಂತದ ಬಿತ್ತನೆಯನ್ನು ನಿರ್ಧರಿಸುವುದು ಚಳಿ. ಅಲ್ಲಿ ಟೊಮೇಟೊ ಸಸಿಗಳನ್ನು 6ರಿಂದ 8 ವಾರ ಮನೆಯೊಳಗೆ ಬೆಳೆಸಿ, ಹೆಪ್ಪುಗಟ್ಟಿಸುವ ಚಳಿ ನಿಂತ ಬಳಿಕ ಹೊರಗೆ ನೆಡುತ್ತಾರೆ. ಕರ್ನಾಟಕದ ಬಯಲುಸೀಮೆಯಲ್ಲಿ ಕಾಲವನ್ನು ನಿರ್ಧರಿಸುವುದು ಬಿಸಿಲು ಮತ್ತು ನೀರು. ಪಂಚಾಂಗದ ಪ್ರಕಾರ ವಸಂತ ಋತು ಚೈತ್ರ ಮಾಸದ ಯುಗಾದಿಯಿಂದ ಆರಂಭವಾಗುತ್ತದೆ. ಆದರೆ ಬಿತ್ತನೆಯನ್ನು ಅಲ್ಲಿಯವರೆಗೆ ಮುಂದೂಡಿದರೆ ಸಸಿಗಳು ಆಳವಾಗಿ ಬೇರೂರುವ ಮೊದಲೇ ಕಡುಬಿಸಿಲಿಗೆ ಸಿಲುಕುತ್ತವೆ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಟೊಮೇಟೊ ಹೂವುಗಳು ಉದುರಿ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಕಲಬುರಗಿ, ರಾಯಚೂರು ಭಾಗಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನೂ ಮೀರುವುದರಿಂದ ಅಲ್ಲಿ ಬಿತ್ತನೆಯನ್ನು ಇನ್ನಷ್ಟು ಬೇಗ ಮುಗಿಸಬೇಕಾಗುತ್ತದೆ.

ಬೆಳೆಗಳ ಆಯ್ಕೆ

ಬೆಂಡೆ, ಸೌತೆ, ಹೀರೆ, ಹಾಗಲ, ಸೋರೆ, ಕುಂಬಳ, ಗೋರಿಕಾಯಿ, ಅಲಸಂದೆ ಮತ್ತು ಹರಿವೆ ಸೊಪ್ಪು ಈ ಕಾಲಕ್ಕೆ ಹೊಂದುತ್ತವೆ. ಇವುಗಳಲ್ಲಿ ಗೋರಿಕಾಯಿ ಬಿಸಿಲನ್ನೂ ನೀರಿನ ಕೊರತೆಯನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಬಟಾಣಿ, ಹೂಕೋಸು, ಕ್ಯಾರೆಟ್‌ಗಳು ಚಳಿಗಾಲದ ಬೆಳೆಗಳಾದ್ದರಿಂದ ಈಗ ಆರಂಭಿಸಲು ತಕ್ಕವಲ್ಲ. ಟೊಮೇಟೊ ಮತ್ತು ಬದನೆಗೆ ಸಸಿಮಡಿಯಲ್ಲಿ ಸುಮಾರು ಒಂದು ತಿಂಗಳು ಬೇಕು. ಮೆಣಸಿನ ಸಸಿಗೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಜನವರಿಯಲ್ಲಿ ಬೀಜ ಹಾಕದವರು ಸಸ್ಯಕ್ಷೇತ್ರದಿಂದ ಸಸಿ ತಂದು ನೆಡುವುದು ಸೂಕ್ತ.

ಸ್ಥಳ ಮತ್ತು ಮಣ್ಣು

ಹೆಚ್ಚಿನ ತರಕಾರಿಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನದ ನಂತರ ತುಸು ನೆರಳು ಸಿಗುವ ಜಾಗ ಬೇಸಿಗೆಯಲ್ಲಿ ಉತ್ತಮ. ಮಣ್ಣನ್ನು ಅಗೆದು ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಬೇಕು. ಹಸಿ ಸಗಣಿ ಹಾಕಿದರೆ ಬೇರುಗಳಿಗೆ ಹಾನಿಯಾಗುವುದಲ್ಲದೆ ಗೆದ್ದಲಿನ ಕಾಟವೂ ಹೆಚ್ಚಬಹುದು. ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರುಮಡಿ ಮಾಡಿದರೆ, ಬೇಸಿಗೆಯಲ್ಲಿ ನೀರನ್ನು ಹಿಡಿದಿಡಲು ತಗ್ಗಿನ ಪಾತಿ ಮಾಡುವುದು ಅನುಕೂಲಕರ.

ಬಿತ್ತನೆ

ಬೆಂಡೆ ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಗಿಡದಿಂದ ಗಿಡಕ್ಕೆ ಸುಮಾರು 30 ಸೆಂ.ಮೀ. ಅಂತರವಿರುವಂತೆ ಊರಬೇಕು. ಬಳ್ಳಿ ತರಕಾರಿಗಳಿಗೆ 30ರಿಂದ 45 ಸೆಂ.ಮೀ. ಆಳದ ಗುಂಡಿ ತೆಗೆದು, ಗೊಬ್ಬರ ಮತ್ತು ಮೇಲ್ಮಣ್ಣು ತುಂಬಿ, ಪ್ರತಿ ಗುಂಡಿಗೆ 3–4 ಬೀಜ ಹಾಕುತ್ತಾರೆ. ಮೊಳೆತ ನಂತರ ದೃಢವಾದ 2 ಸಸಿಗಳನ್ನು ಉಳಿಸಿಕೊಂಡು, ಹಬ್ಬಲು ಚಪ್ಪರ ಕಟ್ಟುತ್ತಾರೆ. ಹರಿವೆಯ ಬೀಜ ಬಹಳ ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಎರಚುತ್ತಾರೆ. ಇರುವೆಗಳು ಬೀಜ ಹೊತ್ತೊಯ್ಯದಂತೆ ರವೆ ಬೆರೆಸುವ ರೂಢಿಯೂ ಇದೆ.

ನೀರು ಮತ್ತು ಹೊದಿಕೆ

ಮುಂಜಾನೆ ಅಥವಾ ಸಂಜೆ ಬುಡಕ್ಕೆ ನೀರುಣಿಸಬೇಕು. ಪ್ರತಿದಿನ ಮೇಲ್ಪದರ ಮಾತ್ರ ತೋಯುವಂತೆ ಚಿಮುಕಿಸಿದರೆ ಬೇರುಗಳು ಮೇಲೆಯೇ ಉಳಿದು ಬಿಸಿಲಿಗೆ ಬೇಗ ಬಾಡುತ್ತವೆ. ಬೇರು ಆಳಕ್ಕಿಳಿಯಲು ಮಣ್ಣು ಕೆಳಗಿನವರೆಗೂ ನೆನೆಯಬೇಕು. ಒಣಗಿದ ಎಲೆ, ಭತ್ತದ ಹುಲ್ಲು ಅಥವಾ ತೆಂಗಿನ ಸಿಪ್ಪೆಯನ್ನು ಗಿಡದ ಸುತ್ತ ಹರಡಿದರೆ ತೇವ ಆರುವುದು ತಗ್ಗಿ, ಕಳೆಯೂ ಕಡಿಮೆಯಾಗುತ್ತದೆ. ತರಕಾರಿ, ಅಕ್ಕಿ ತೊಳೆದ ನೀರನ್ನು ಗಿಡಗಳಿಗೆ ಬಳಸಬಹುದು. ನೀರು ಕಡಿಮೆಯಿರುವಲ್ಲಿ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಸುತ್ತಾರೆ. ಅದು ನಿಧಾನವಾಗಿ ಜಿನುಗಿ ಬೇರನ್ನು ತಲುಪುತ್ತದೆ.

ಪರಾಗಸ್ಪರ್ಶ

ಸೋರೆ, ಹೀರೆ, ಕುಂಬಳಗಳಲ್ಲಿ ಸಾಮಾನ್ಯವಾಗಿ ಗಂಡು ಮತ್ತು ಹೆಣ್ಣು ಹೂಗಳು ಒಂದೇ ಬಳ್ಳಿಯಲ್ಲಿ ಬೇರೆಬೇರೆಯಾಗಿರುತ್ತವೆ. ಮೊದಲು ಬರುವ ಹೂಗಳು ಹೆಚ್ಚಾಗಿ ಗಂಡಾಗಿದ್ದು ಉದುರಿಹೋಗುತ್ತವೆ, ಇದು ರೋಗವಲ್ಲ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಜೇನ್ನೊಣಗಳು ವಿರಳವಾಗಿರುವ ನಗರಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಸೋಕಿಸಬಹುದು. ಕುಂಬಳದ ಹೂ ಬೆಳಗಿನಲ್ಲಿಯೂ ಸೋರೆ ಮತ್ತು ಹೀರೆಯ ಹೂಗಳು ಸಂಜೆಯಲ್ಲಿಯೂ ಅರಳುವುದರಿಂದ ಆಯಾ ಹೊತ್ತಿಗೆ ಈ ಕೆಲಸ ಮಾಡಬೇಕು.

ಕೀಟ ಮತ್ತು ರೋಗ

ಬೇಸಿಗೆಯ ಬೆಂಡೆಗೆ ಎಲೆನರಗಳು ಹಳದಿಯಾಗುವ ನಂಜುರೋಗ ಬರುತ್ತದೆ. ಇದನ್ನು ಬಿಳಿನೊಣಗಳು ಹರಡುತ್ತವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗಕ್ಕೆ ನಿರೋಧಕವಾದ ‘ಅರ್ಕಾ ಅನಾಮಿಕ’ ತಳಿಯನ್ನು ಅಭಿವೃದ್ಧಿಪಡಿಸಿದೆ. ರೋಗ ತಗುಲಿದ ಗಿಡಗಳನ್ನು ಕಿತ್ತು ನಾಶಪಡಿಸಬೇಕು. ಬಿಳಿನೊಣ, ಹೇನುಗಳ ನಿಯಂತ್ರಣಕ್ಕೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸುತ್ತಾರೆ. ಹಾಗಲ, ಹೀರೆಗಳಲ್ಲಿ ಹಣ್ಣಿನ ನೊಣದಿಂದ ಕೊಳೆತ ಕಾಯಿಗಳನ್ನು ತೋಟದಲ್ಲಿಯೇ ಬಿಡಬಾರದು. ಅವುಗಳೊಳಗಿನ ಹುಳುಗಳು ಮಣ್ಣಿಗಿಳಿದು ಮತ್ತೆ ನೊಣಗಳಾಗುತ್ತವೆ.

ಕೊಯ್ಲು ಮತ್ತು ಬೀಜ ಸಂಗ್ರಹ

ಹರಿವೆ ಸೊಪ್ಪು ಬಿತ್ತಿದ 25–30 ದಿನಗಳಲ್ಲಿ, ಬೆಂಡೆ ಮತ್ತು ಸೌತೆ ಸುಮಾರು 45–50 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಬೆಂಡೆಯನ್ನು ಎಳೆಯದಿರುವಾಗಲೇ ಎರಡು ದಿನಕ್ಕೊಮ್ಮೆ ಕೊಯ್ದರೆ ಗಿಡ ಹೆಚ್ಚು ಕಾಲ ಕಾಯಿ ಬಿಡುತ್ತದೆ. ಮುಂದಿನ ವರ್ಷದ ಬೀಜಕ್ಕಾಗಿ ರೋಗವಿಲ್ಲದ ಗಿಡದ ಕೆಲವು ಕಾಯಿಗಳನ್ನು ಗಿಡದಲ್ಲಿಯೇ ಒಣಗಲು ಬಿಡುತ್ತಾರೆ. ಹೈಬ್ರಿಡ್ ತಳಿಗಳ ಬೀಜದಿಂದ ಬೆಳೆದ ಗಿಡಗಳು ತಾಯಿಗಿಡದ ಗುಣಗಳನ್ನು ಒಂದೇ ರೀತಿ ಉಳಿಸಿಕೊಳ್ಳದ ಕಾರಣ, ಬೀಜ ಸಂಗ್ರಹಕ್ಕೆ ನಾಟಿ ತಳಿಗಳೇ ಸೂಕ್ತ.