ಹಣೆಗೆ ನಾಲ್ಕಂಗುಲ ಮೇಲೆ

ನರಕ ಚತುರ್ದಶಿಯ ಬೆಳಗಿನ ಜಾವ ಅಜ್ಜಿ ಹರಳೆಣ್ಣೆ ಬಟ್ಟಲನ್ನು ಒಲೆಯ ಮೇಲೆ ಇಡುತ್ತಿರಲಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ತೇಲಿಬಿಡುತ್ತಿದ್ದರು. ಮಣಿಕಟ್ಟಿನ ಒಳಬದಿಗೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿ, ಆಮೇಲೆ ನಮ್ಮ ನೆತ್ತಿಗೆ ತಟ್ಟುವುದು. ಎಷ್ಟೋ ವರ್ಷಗಳ ನಂತರ ನಿದ್ದೆಗೆಟ್ಟು ಒಂದು ಆಯುರ್ವೇದ ಆಸ್ಪತ್ರೆಯ ಧಾರಾ ಕೋಣೆಗೆ ಹೋದಾಗ, ಅಲ್ಲಿನ ಪರಿಚಾರಕಿಯೂ ಎಣ್ಣೆ ಸುರಿಯುವ ಮುನ್ನ ಮಣಿಕಟ್ಟನ್ನೇ ಮುಂದೆ ಚಾಚಿದರು.

ಶಿರೋಧಾರೆ ಎಂದರೆ ಹಣೆಯ ಮೇಲೆ ಎಣ್ಣೆ ಬೀಳುವ ಚಿತ್ರವಷ್ಟೇ ಕಣ್ಣಿಗೆ ಬರುತ್ತದೆ. ಸ್ಪಾಗಳ ಜಾಹೀರಾತಿನ ಕೃಪೆ. ಕೆಲಸ ಇರುವುದು ಅದರಾಚೆ. ಮೊದಲು ತಲೆಗೂ ಮೈಗೂ ಎಣ್ಣೆ ತಿಕ್ಕುತ್ತಾರೆ. ಆಮೇಲೆ ಅಂಚು ಕಟ್ಟಿದ ಮರದ ದ್ರೋಣಿಯಲ್ಲಿ ಅಂಗಾತ ಮಲಗಿಸಿ, ಕಣ್ಣಿಗೆ ಎಣ್ಣೆ ಇಳಿಯದಂತೆ ಹುಬ್ಬಿನ ಮೇಲೆ ಬಟ್ಟೆಯ ಪಟ್ಟಿ ಕಟ್ಟಿ, ಕಿವಿಗೆ ಹತ್ತಿ ಇಡುತ್ತಾರೆ. ಮೇಲೆ ತೂಗುವ ಧಾರಾಪಾತ್ರೆಯ ತಳದಲ್ಲೊಂದು ತೂತು, ಅದರಿಂದ ಇಳಿಬಿದ್ದ ನೂಲಿನ ಬತ್ತಿ. ಬತ್ತಿಯ ತುದಿ ಹಣೆಯಿಂದ ನಾಲ್ಕಂಗುಲ ಮೇಲಿರಬೇಕು. ತೀರಾ ಮೇಲಾದರೆ ಎಣ್ಣೆ ಹಣೆಗೆ ಕುಟ್ಟಿದಂತಾಗುತ್ತದೆ.

ಎಣ್ಣೆ ಯಾವುದು ಎಂಬುದನ್ನು ವೈದ್ಯರು ಹೇಳುತ್ತಾರೆ. ನನಗೆ ಬಂದದ್ದು ಕ್ಷೀರಬಲಾ ತೈಲ: ಬಲಾ ಬೇರಿನ ಕಷಾಯ, ಅದನ್ನೇ ಅರೆದ ಮುದ್ದೆ ಅಂದರೆ ಕಲ್ಕ, ಹಾಲು, ಎಳ್ಳೆಣ್ಣೆ ಕೂಡಿಸಿ ಕಾಯಿಸಿದ್ದು. ಇದನ್ನೇ 101 ಸಲ ಮರಳಿ ಪಾಕ ಮಾಡಿದರೆ 101 ಆವರ್ತಿ. ಅದನ್ನು ತೊಟ್ಟುಗಳ ಲೆಕ್ಕದಲ್ಲಿ ಕೊಡುತ್ತಾರೆ, ಹಣೆಗೆ ಸುರಿಯುವಷ್ಟು ಅಗ್ಗವಲ್ಲ. ಕೆಲವರಿಗೆ ಎಣ್ಣೆಯ ಬದಲು ಮಜ್ಜಿಗೆ, ಅದು ತಕ್ರಧಾರೆ.

ಧಾರೆ ಶುರುವಾದ ಮೇಲೆ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲಗೆ ತೂಗುತ್ತಲೇ ಇರಬೇಕು. ತೊಟ್ಟಿಲು ತೂಗಿದ ಹಾಗೆ, ಆದರೆ ನಿಂತುಕೊಂಡು. ತಲೆದೆಸೆಯಲ್ಲಿ ಇಳಿದ ಎಣ್ಣೆಯನ್ನು ಇನ್ನೊಬ್ಬರು ಸಂಗ್ರಹಿಸಿ, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಪಾತ್ರೆಗೆ ಹುಯ್ಯುತ್ತಾರೆ. ಧಾರೆ ಕಡಿಯಬಾರದು, ಶಾಖ ಇಳಿಯಬಾರದು, ಮಾತಂತೂ ಕೂಡದು. ನನಗೆ ಹತ್ತನೆಯ ನಿಮಿಷದ ನಂತರದ್ದು ನೆನಪಿಲ್ಲ.

ಜ್ವರ, ಅಜೀರ್ಣ, ಆಗಷ್ಟೇ ಉಂಡ ಹೊಟ್ಟೆ ಇದ್ದರೆ ಎಣ್ಣೆಯ ಸಹವಾಸ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೋಗಬಾರದು.

ಮನೆಯಲ್ಲಿ ಧಾರೆ ಆಗುವ ಮಾತಲ್ಲ, ಅಭ್ಯಂಗ ಆಗುತ್ತದೆ. ದಿನವೂ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ಎನ್ನುತ್ತದೆ ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ. ಅಜ್ಜಿ ಅದನ್ನು ಓದಿರಲಿಲ್ಲ. ಆದರೂ ಅಂಗಾಲು ಬಿಟ್ಟವರಲ್ಲ. ಒಂದೇ ವಿಷಯದಲ್ಲಿ ಅವರಿಗೂ ವಾಗ್ಭಟನಿಗೂ ತಗಾದೆ. ತಲೆಗೆ ಸುಡುನೀರು ಹುಯ್ದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬುದು ಗ್ರಂಥದ ಮಾತು. ಹಂಡೆಯ ನೀರು ಬುಸುಗುಡದಿದ್ದರೆ ಅಜ್ಜಿಗೆ ಅದು ಸ್ನಾನವೇ ಅಲ್ಲ.

ಆವತ್ತು ಧಾರೆ ಮುಗಿದು ನೆತ್ತಿಗೆ ರಾಸ್ನಾದಿ ಚೂರ್ಣ ತಿಕ್ಕಿಸಿಕೊಂಡು ಎದ್ದಾಗ ಮುಕ್ಕಾಲು ಗಂಟೆ ಕಳೆದಿತ್ತು. ಮೈ ಹತ್ತಿಯಂತೆ ಹಗುರ. ಪರಿಚಾರಕಿ ಗೋಡೆಗೊರಗಿ ತಮ್ಮ ಬಲಭುಜವನ್ನು ತಾವೇ ಒತ್ತಿಕೊಳ್ಳುತ್ತಿದ್ದರು. ಬಾಗಿಲಾಚೆ ಮುಂದಿನವರು ಚಪ್ಪಲಿ ಬಿಡುತ್ತಿದ್ದರು.