ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಪಟ್ಟಿ ಕೊಡುವ ಮುನ್ನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವ ಊರೇ ಇರಲಿ, ಅಂಗಡಿಕಾರರಿಗೆ ರಸೀದಿ ಪುಸ್ತಕ ಹೊಸದಲ್ಲ. ಗಣಪತಿ ಕೂಡಿಸುವವರು ಬರುತ್ತಾರೆ. ಜಾತ್ರೆ ಕಮಿಟಿಯವರು ಬರುತ್ತಾರೆ. ಕುಸ್ತಿ ಕಣದವರು, ಕಬಡ್ಡಿ ಟೂರ್ನಮೆಂಟಿನವರು, ಎಲ್ಲರೂ ಗಲ್ಲಾದ ಮುಂದೆ ನಿಂತು "ಸಾವ್ಕಾರ್ರ, ನಿಮ್ಮದೊಂದು ಪಟ್ಟಿ ಆಗಬೇಕ್ರೀ" ಎನ್ನುತ್ತಾರೆ. ಸಾವ್ಕಾರರು ಗೊಣಗುತ್ತಲೇ ಗಲ್ಲಾ ತೆಗೆಯುತ್ತಾರೆ.

ನಾಳೆ ಅದೇ ಗಲ್ಲಾದ ಮುಂದೆ ಒಂದು ಫುಟ್‌ಬಾಲ್ ಕ್ಲಬ್ಬಿನವರು ಬಂದು, "ಈ ವರ್ಷ ಹುಡುಗ್ಯಾರದೂ ಒಂದು ಟೀಮ್ ತೆಗೀತೀವ್ರೀ, ನಿಮ್ಮದೇನರ ಬರಲಿ" ಎಂದು ಕೇಳಿದರೆ? ಕೊಡಬೇಕೋ, ಬಿಡಬೇಕೋ?

ಕೊಡಬೇಕು. ಆದರೆ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆ ಯಾವುದು ಎಂದು ತಿಳಿಯಲು ಮೊದಲು ದಕ್ಷಿಣದ ಕೊಚ್ಚಿ ಪಟ್ಟಣದ ಕಥೆ ಕೇಳುವುದು ಒಳ್ಳೆಯದು.

ನಾಲ್ಕು ಕೋಟಿ ದಂಡ

ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ದೊಡ್ಡ ಕ್ಲಬ್ಬು. ಇಂಡಿಯನ್ ಸೂಪರ್ ಲೀಗ್ ಆಡುವ, ಹಳದಿ ಅಂಗಿ ತೊಟ್ಟು ಕೂಗುವ ಅಭಿಮಾನಿಗಳಿಗೆ ಹೆಸರಾದ ಕ್ಲಬ್ಬು. 2022ರ ಜುಲೈನಲ್ಲಿ ಅದು ತನ್ನ ಮೊಟ್ಟಮೊದಲ ಮಹಿಳಾ ತಂಡ ಕಟ್ಟಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಎಲ್ಲೆಡೆ ಭೇಷ್ ಎಂದರು.

ಎಂಟು ತಿಂಗಳು ಕಳೆಯಿತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬ್ಲಾಸ್ಟರ್ಸ್‌ನ ಪುರುಷರ ತಂಡಕ್ಕೂ ಬೆಂಗಳೂರು ಎಫ್‌ಸಿಗೂ ಸೋತವರು ಮನೆಗೆ ಎನ್ನುವಂಥ ಪಂದ್ಯ. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಇನ್ನೂ ಅಡ್ಡಗಟ್ಟಿ ನಿಲ್ಲುವುದರೊಳಗೆ ಸುನಿಲ್ ಛೆಟ್ರಿ ಚೆಂಡನ್ನು ಬಲೆಯೊಳಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ಸಿಟ್ಟಿಗೆದ್ದು ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಹೋದವರು ತಿರುಗಿ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು.

ಆಟ ಬಿಟ್ಟು ಎದ್ದುಹೋದದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಅದೇ ತಿಂಗಳ ಕೊನೆಗೆ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಜೂನ್‌ನಲ್ಲಿ ಕ್ಲಬ್ಬು ಒಂದು ಪ್ರಕಟಣೆ ಹೊರಡಿಸಿತು: ದಂಡದ ಹೊರೆಯ ಕಾರಣ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ.

ಮೈದಾನ ಬಿಟ್ಟು ಹೋದವರು ಗಂಡಸರು. ಅವರ ತಂಡ ಮುಂದಿನ ಸೀಸನ್ನಿಗೂ ಇಳಿಯಿತು. ಮನೆಗೆ ಹೋದವರು ಆ ದಿನ ಕಂಠೀರವದಲ್ಲಿ ಕಾಲಿಡದ ಹೆಣ್ಣುಮಕ್ಕಳು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ತಾಷ್ಕೆಂಟಿಗೆ ಹೋಗಿ ಬರಿಗೈಲಿ ಬಂದವರು

ಇದೊಂದೇ ಆಗಿದ್ದರೆ ಗ್ರಹಚಾರ ಎನ್ನಬಹುದಿತ್ತು. ಅದರ ಹಿಂದಿನ ವರ್ಷವೇ ಇನ್ನೊಂದು ನಡೆದಿತ್ತು.

ಗೋಕುಲಂ ಕೇರಳ ಎಂಬ ಕ್ಲಬ್ಬಿನ ಮಹಿಳಾ ತಂಡ ದೇಶದ ಚಾಂಪಿಯನ್. ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿ ಆಡಲು 2022ರ ಆಗಸ್ಟ್‌ನಲ್ಲಿ ಈ ಹುಡುಗಿಯರು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋದರು. ಅದೇ ಹೊತ್ತಿಗೆ ದಿಲ್ಲಿಯಲ್ಲಿ ಫೆಡರೇಶನ್ನಿನ ಕುರ್ಚಿ ಜಗಳ ತಾರಕಕ್ಕೇರಿ, ಹೊರಗಿನವರ ಕೈ ಆಡಿದೆ ಎಂದು ವಿಶ್ವ ಸಂಸ್ಥೆ ಫೀಫಾ ಭಾರತವನ್ನೇ ಅಮಾನತು ಮಾಡಿತು. ಪಂದ್ಯಾವಳಿಯಿಂದ ಗೋಕುಲಂ ಹೊರಗೆ. ಆಗಸ್ಟ್ 26ಕ್ಕೆ ಅಮಾನತು ತೆಗೆದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಒಂದೂ ಪಂದ್ಯ ಆಡದೆ ಹುಡುಗಿಯರು ವಾಪಸ್ಸಾದರು.

ಕುರ್ಚಿಯ ಮೇಲೆ ಕುಳಿತವರಲ್ಲಿ ಇವರು ಯಾರೂ ಇರಲಿಲ್ಲ.

ಈ ರೋಗ ನಮ್ಮ ದೇಶದ್ದಷ್ಟೇ ಎಂದೂ ತಿಳಿಯಬೇಕಿಲ್ಲ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಕಾರ್ಖಾನೆ ಹೆಂಗಸರ ತಂಡವೊಂದರ ಪಂದ್ಯ ನೋಡಲು ಲಿವರ್‌ಪೂಲ್‌ನ ಮೈದಾನದಲ್ಲಿ 53,000 ಜನ ಸೇರಿದ್ದರು. ಡಿಕ್ ಕೆರ್ ಲೇಡೀಸ್ ಎಂಬುದು ಆ ತಂಡ. ಇಷ್ಟು ಜನ ಸೇರಿದ ಮೇಲೆ ಪ್ರೋತ್ಸಾಹ ಸಿಗಬೇಕಲ್ಲವೇ? ಮರುವರ್ಷವೇ, 1921ರ ಡಿಸೆಂಬರ್‌ನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆ "ಈ ಆಟ ಹೆಂಗಸರಿಗೆ ಹೇಳಿದ್ದಲ್ಲ" ಎಂದು ತೀರ್ಮಾನಿಸಿ, ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರ ಪಂದ್ಯ ನಡೆಸಕೂಡದು ಎಂದಿತು. ಆ ಬಾಗಿಲು ತೆರೆಯಲು 1971 ಬರಬೇಕಾಯಿತು. ಐವತ್ತು ವರ್ಷ! ಒಂದು ಇಡೀ ತಲೆಮಾರಿನ ಹೆಣ್ಣುಮಕ್ಕಳು ಅಜ್ಜಿಯರಾದರು.

ಬಾಗಿಲು ಮುಚ್ಚದ ಕಡೆ ಏನಾಯಿತು?

ಬಿಡದೆ ನಡೆಸಿದವರ ಲೆಕ್ಕವನ್ನೂ ನೋಡಬೇಕು.

ಮೇಲೆ ಹೇಳಿದ ಗೋಕುಲಂನ ಹುಡುಗಿಯರು 2020ರ ಫೆಬ್ರುವರಿ 14ರಂದು ಬೆಂಗಳೂರಿನ ಫುಟ್‌ಬಾಲ್ ಮೈದಾನದಲ್ಲಿ ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಸೋಲಿಸಿ ಇಂಡಿಯನ್ ವುಮೆನ್ಸ್ ಲೀಗ್ ಗೆದ್ದರು. ತಾಷ್ಕೆಂಟಿನ ಪೆಟ್ಟು ತಿಂದ ಮೇಲೂ ಕ್ಲಬ್ಬು ತಂಡವನ್ನು ಕೈಬಿಡಲಿಲ್ಲ. 2022ರಲ್ಲಿ ಗೆದ್ದವರು 2023ರಲ್ಲೂ ಗೆದ್ದರು.

2023ರ ಆ ಫೈನಲ್ಲಿನಲ್ಲಿ ಎದುರು ನಿಂತವರು ಯಾರು? ನಮ್ಮ ಕರ್ನಾಟಕದ ಕಿಕ್‌ಸ್ಟಾರ್ಟ್ ಎಫ್‌ಸಿ. ಮೇ 21ರಂದು ಅಹಮದಾಬಾದಿನಲ್ಲಿ 5-0ಯಿಂದ ಸೋತರು ನಿಜ. ಆದರೆ ಇಡೀ ದೇಶದಲ್ಲಿ ಎರಡನೇ ಸ್ಥಾನ ಎಂದರೆ ಸಣ್ಣ ಮಾತೇನಲ್ಲ.

ಒಡಿಶಾ ಎಫ್‌ಸಿ ಮಹಿಳಾ ತಂಡ ಆರಂಭಿಸಿದ್ದೂ 2022ರಲ್ಲೇ, ಅಂದರೆ ಬ್ಲಾಸ್ಟರ್ಸ್ ಆರಂಭಿಸಿದ ವರ್ಷವೇ. ಒಡಿಶಾದವರು ನಿಲ್ಲಿಸಲಿಲ್ಲ. 2023-24ರ ಲೀಗ್ ಪ್ರಶಸ್ತಿ ಅವರ ಕೈಗೆ ಬಂತು. ಒಂದೇ ವರ್ಷ ಬಿತ್ತಿದ ಎರಡು ಹೊಲ. ಒಂದಕ್ಕೆ ಎರಡನೇ ವರ್ಷ ನೀರು ಬಿಟ್ಟರು, ಇನ್ನೊಂದಕ್ಕೆ ಬಿಡಲಿಲ್ಲ. ಫಲ ಎಲ್ಲಿ ಬಂತು ಎಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ದೇಶದ ತಂಡದ್ದೂ ಇದೇ ಕಥೆ. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ಭಾರತದ ಹೆಣ್ಣುಮಕ್ಕಳು ಎರಡನೇ ಸ್ಥಾನ ಪಡೆದಿದ್ದರು. 1983ರಲ್ಲಿ ಮತ್ತೆ ಎರಡನೇ ಸ್ಥಾನ. ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿ ಹೆಸರಾದದ್ದು ಆ ಕಾಲದಲ್ಲೇ. ಆಮೇಲೆ ನೀರು ಬಿಡುವವರಿಲ್ಲದೆ ಹೊಲ ಒಣಗಿತು. ದೇಶಕ್ಕೊಂದು ಮಹಿಳಾ ಲೀಗ್ ಬರಲು 2017 ಬರಬೇಕಾಯಿತು. ಮೊದಲ ಲೀಗಿನಲ್ಲಿ ಆರು ತಂಡ; ದಿಲ್ಲಿಯ ಒಂದೇ ಮೈದಾನದಲ್ಲಿ ಮೂರು ವಾರದೊಳಗೆ ಎಲ್ಲ ಮುಗಿದುಹೋಯಿತು. ತವರಿನಲ್ಲೊಂದು, ಎದುರಾಳಿಯ ಊರಲ್ಲೊಂದು ಎಂಬ ಸರಿಯಾದ ಕ್ರಮ ಶುರುವಾದದ್ದು 2023-24ರಲ್ಲಿ. ಅದಾದ ಮೇಲೆ, 2025ರ ಜುಲೈ 5ರಂದು ಭಾರತ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರವು.

ಸಂಕೇಶ್ವರದ ಆಚೆ

"ಅದೆಲ್ಲಾ ಕೇರಳ, ಮಣಿಪುರ, ಬೆಂಗಳೂರು ಆತ್ರೀ. ನಮ್ಮ ಕಡೆ ಏನೈತಿ? ಕಬಡ್ಡಿ, ಕುಸ್ತಿ, ಸೈಕಲ್ಲು" ಎನ್ನುವವರುಂಟು. ಅವರು ಒಂದು ಸಲ ಕೊಲ್ಲಾಪುರದ ಕಡೆ ತಿರುಗಿ ನೋಡಬೇಕು.

ಕೊಲ್ಲಾಪುರವೂ ಕುಸ್ತಿಯ ಊರೇ. ಅಲ್ಲಿ ಗರಡಿ ಮನೆಗೆ ತಾಲೀಮು ಎನ್ನುತ್ತಾರೆ. ಆ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿವೆ. ಪೇಟೆಗೊಂದು ತಂಡ, ತಂಡಕ್ಕೊಂದು ಬಣ್ಣ. ಮಣ್ಣಿನ ಅಖಾಡಾಕ್ಕೂ ಚೆಂಡಿಗೂ ಅಲ್ಲಿ ವೈರವಿಲ್ಲ. 2019ರಲ್ಲಿ ಲುಧಿಯಾನದಲ್ಲಿ ನಡೆದ ರಾಷ್ಟ್ರೀಯ ಮಹಿಳಾ ಲೀಗಿನಲ್ಲಿ ಎಫ್‌ಸಿ ಕೊಲ್ಲಾಪುರ ಸಿಟಿ ಎಂಬ ತಂಡವೂ ಆಡಿತು.

ಇನ್ನೂ ಹತ್ತಿರ ಬನ್ನಿ. ನಮ್ಮ ಸಂಕೇಶ್ವರ ದಾಟಿದರೆ ಗಡಹಿಂಗ್ಲಜ ತಾಲೂಕು. ಕನ್ನಡ ಮಾತು ಕಿವಿಗೆ ಬೀಳುವ ಗಡಿ ಸೀಮೆ. ಆ ತಾಲೂಕಿನ ಬೆಕ್ಕಿನಾಳ ಎಂಬ ಹಳ್ಳಿಯಿಂದ ಬಂದವರು ಅಂಜು ತುರಂಬೇಕರ್. ಏಷ್ಯಾ ಫುಟ್‌ಬಾಲ್ ಸಂಸ್ಥೆಯ 'ಎ' ದರ್ಜೆ ಕೋಚ್ ಲೈಸೆನ್ಸ್ ಪಡೆದು, ಭಾರತ ಫೆಡರೇಶನ್ನಿನಲ್ಲಿ ಎಳೆಯರ ಫುಟ್‌ಬಾಲ್ ಹೊಣೆ ಹೊತ್ತು, ಮುಂದೆ ಗೋವಾದ ಹಳೇ ಕ್ಲಬ್ಬು ಡೆಂಪೋದ ಕಿರಿಯರ ವಿಭಾಗಕ್ಕೆ ಮುಖ್ಯಸ್ಥೆಯಾದವರು. ಗಂಡುಹುಡುಗರಿಗೆ ಪಾಠ ಹೇಳುವ ಜಾಗದಲ್ಲಿ ಒಬ್ಬ ಹಳ್ಳಿ ಹೆಣ್ಣುಮಗಳು! ಬೆಕ್ಕಿನಾಳದಲ್ಲಿ ಆದದ್ದು ಬೀಳಗಿಯಲ್ಲಿ ಆಗಬಾರದೆಂದು ಎಲ್ಲಿ ಬರೆದಿದೆ?

ಸಂಜೆ ಐದೂವರೆಯ ತೊಡಕು

ಆಗಬಾರದೆಂದು ಎಲ್ಲೂ ಬರೆದಿಲ್ಲ. ಆದರೆ ತೊಡಕು ಇರುವುದು ಸಂಜೆ ಐದೂವರೆಯಿಂದ ಏಳರವರೆಗಿನ ಒಂದೂವರೆ ತಾಸಿನಲ್ಲಿ.

ಪ್ರಾಕ್ಟೀಸ್ ಆಗಬೇಕಾದ ಹೊತ್ತು ಅದು. ಅದೇ ಹೊತ್ತಿಗೆ ಮೈದಾನದಲ್ಲಿ ಗಂಡುಹುಡುಗರ ಕ್ರಿಕೆಟ್ಟು. ಅದೇ ಹೊತ್ತಿಗೆ ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಲು ಮಗಳು ಬೇಕು. ಮುಧೋಳದ ಹೊಲದಿಂದ ಅವ್ವ ಬರುವಷ್ಟರಲ್ಲಿ ಒಲೆ ಹತ್ತಿರಬೇಕು. ಹಳ್ಳಿಗೆ ಹೋಗುವ ಬಸ್ಸೂ ಅದೇ ಹೊತ್ತಿಗೆ ಹೊರಡುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದು ದೊಡ್ಡ ಅನುಕೂಲ, ಸುಳ್ಳಲ್ಲ. ಆದರೆ ಪುಕ್ಕಟೆ ಬಸ್ಸು ತಪ್ಪಿದರೂ ತಪ್ಪಿದ್ದೇ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕತ್ತಲಲ್ಲಿ ಕೂತ ಮಗಳನ್ನು ಮರುದಿನ ಯಾವ ಅಪ್ಪ ಕಳಿಸುತ್ತಾನೆ? ಕಬ್ಬಿನ ಹಂಗಾಮು ಬಂದರಂತೂ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ನಡುವೆ ಆ ಹುಡುಗಿ ಸೈಕಲ್ಲಿನಲ್ಲಿ ಬರಲೂ ಆಗದು.

ಬಟ್ಟೆ ಬದಲಿಸಲು ಕೋಣೆ ಎಲ್ಲಿ? ಶೌಚಾಲಯ ಎಲ್ಲಿ? ಗಂಡುಹುಡುಗರು ಗಿಡದ ಮರೆಗೆ ಹೋಗಿ ಬಂದಾರು. ಹುಡುಗಿಯರು ಬೆಳಗಿನಿಂದ ನೀರು ಕುಡಿಯದೇ ಆಟಕ್ಕೆ ಬರುತ್ತಾರೆ. ನೀರು ಕುಡಿಯದ ಮೈ ಬಿಸಿಲಿನಲ್ಲಿ ಎಷ್ಟು ಓಡೀತು?

ಇಷ್ಟೆಲ್ಲ ದಾಟಿದರೆ ಕೊನೆಗೊಂದು ಮಾತು ಕಾದಿರುತ್ತದೆ: "ಹತ್ತನೇತ್ತೆ ಆತು, ಇನ್ನೇನ್ ಚೆಂಡ್ ಒದಿಯೂದು? ವರ ನೋಡೂದೈತಿ." ತಂಡದಲ್ಲಿ ಒಬ್ಬ ಒಳ್ಳೆಯ ಗೋಲ್‌ಕೀಪರ್ ತಯಾರಾಗುವ ಹೊತ್ತಿಗೆ ಸರಿಯಾಗಿ ಈ ಮಾತು ಬರುತ್ತದೆ.

ಹನ್ನೆರಡು ಪಂದ್ಯದ ಲೆಕ್ಕ

ಆದ್ದರಿಂದ ಉದ್ಘಾಟನೆಗೆ ಯಾರನ್ನು ಕರೆಯಬೇಕು, ಅಂಗಿಯ ಬಣ್ಣ ಯಾವುದು ಎಂದು ಕ್ಲಬ್ಬಿನವರು ಚರ್ಚೆಗೆ ಕೂರುವ ಮುನ್ನ ಬೇರೆ ನಾಲ್ಕು ಕೆಲಸ ಆಗಬೇಕು. ಮೈದಾನದಲ್ಲಿ ವಾರಕ್ಕೆ ಇಂತಿಂಥ ದಿನ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಹುಡುಗಿಯರದ್ದೇ ಎಂದು ಬರಹದಲ್ಲಿ ಆಗಬೇಕು. ತಂಡದ ಜೊತೆ ಊರವರು ನಂಬುವ ಒಬ್ಬ ಹೆಣ್ಣುಮಗಳು, ಟೀಚರೋ ಹಳೆಯ ಆಟಗಾರ್ತಿಯೋ, ಯಾವಾಗಲೂ ಇರಬೇಕು. ಬೀಗ ಹಾಕಿಕೊಳ್ಳಲು ಬರುವ ಒಂದು ಕೋಣೆ, ನೀರಿರುವ ಶೌಚಾಲಯ ಬೇಕು. ಪ್ರಾಕ್ಟೀಸ್ ಮುಗಿಯುವ ಹೊತ್ತು ಬಸ್ಸಿನ ಹೊತ್ತಿಗೆ ಹೊಂದಿರಬೇಕು. ಡಿಪೋ ಮ್ಯಾನೇಜರರಿಗೆ ಒಂದು ಅರ್ಜಿ ಕೊಟ್ಟು ಕೇಳಲು ಖರ್ಚೇನೂ ಇಲ್ಲ.

ಐದನೆಯದು ಎದುರಾಳಿ. ಒಂದೇ ತಂಡ ಕಟ್ಟಿ ಯಾರ ಜೊತೆ ಆಡುವುದು? ವರ್ಷಕ್ಕೊಂದು ಪ್ರದರ್ಶನ ಪಂದ್ಯ ಆಡಿ ಫೋಟೋ ತೆಗೆಸಿಕೊಂಡರೆ ಅದು ತಂಡವಲ್ಲ, ಮೆರವಣಿಗೆ. ಇಲ್ಲಿಯೇ ನಮ್ಮ ನಾಲ್ಕು ಊರುಗಳ ಅದೃಷ್ಟ ಇರುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರ. ಊರಿಗೊಂದು ತಂಡ ಕಟ್ಟಿ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ತಮ್ಮ ಊರಲ್ಲೊಂದು, ಅವರ ಊರಲ್ಲೊಂದು ಆಡಿದರೆ ಒಟ್ಟು ಹನ್ನೆರಡು ಪಂದ್ಯ. ಒಂದು ತಂಡಕ್ಕೆ ಆರು, ಅದರಲ್ಲಿ ಮೂರು ಮನೆಯ ಅಂಗಳದಲ್ಲೇ. ರವಿವಾರಕ್ಕೆ ಎರಡೆರಡರಂತೆ ಆರು ರವಿವಾರದಲ್ಲಿ ಲೀಗ್ ಮುಗಿಯುತ್ತದೆ. ಹೋಗಿ ಬರುವ ಬಸ್ಸಿಗೆ ದುಡ್ಡೂ ಇಲ್ಲ. 2017ರ ರಾಷ್ಟ್ರೀಯ ಲೀಗಿಗೇ ಇಲ್ಲದಿದ್ದ ಊರೂರ ಪಂದ್ಯದ ಕ್ರಮವನ್ನು ನಾಲ್ಕು ತಾಲೂಕಿನವರು ಸೇರಿ ಮಾಡಿ ತೋರಿಸಬಹುದು.

ಗಲ್ಲಾದ ಮುಂದಿನ ಪ್ರಶ್ನೆ

ಈಗ ಮೊದಲಿನ ಮಾತಿಗೆ ಬರೋಣ. ರಸೀದಿ ಪುಸ್ತಕ ಹಿಡಿದವರು ಗಲ್ಲಾದ ಮುಂದೆ ನಿಂತಿದ್ದಾರೆ. ಸಾವ್ಕಾರರು ಚಹಾ ತರಿಸಲಿ, ಕೂಡಿಸಲಿ, ಆಮೇಲೆ ಕೇಳಲಿ:

"ಈ ವರ್ಷದ್ದು ಆತಪಾ. ಮುಂದಿನ ವರ್ಷ ರೊಕ್ಕ ಕಡಿಮೆ ಬಿದ್ದರ ಯಾವ ಟೀಮ್ ನಿಲ್ಲಸ್ತೀರಿ?"

ಉತ್ತರಕ್ಕೆ ಅವರು ತಡವರಿಸಿದರೆ ಪಟ್ಟಿ ಕೊಡುವುದನ್ನು ಒಂದು ವಾರ ಮುಂದೂಡಿ, ಕಮಿಟಿಯಲ್ಲಿ ಮಾತಾಡಿಕೊಂಡು ಬರಲು ಹೇಳಿ. ಗಂಡಸರ ತಂಡದ ಖರ್ಚು ಬೇರೆ, ಹುಡುಗಿಯರ ಎರಡು ವರ್ಷದ ಖರ್ಚು ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ, ಒಂದರ ದಂಡ ಇನ್ನೊಂದಕ್ಕೆ ತಗಲುವುದಿಲ್ಲ ಎಂದು ಪಾಸ್‌ಬುಕ್ ತೋರಿಸಿದರೆ, ಗಣಪತಿಗೆ ಕೊಟ್ಟದ್ದಕ್ಕಿಂತ ಒಂದು ರೂಪಾಯಿ ಹೆಚ್ಚೇ ಬರೆಯಿಸಿ.

ಪಂದ್ಯದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಮೈದಾನಕ್ಕೂ ಬನ್ನಿ. ಕೊಟ್ಟ ರೊಕ್ಕ ಎಲ್ಲಿ ಓಡುತ್ತಿದೆ ಎಂದು ಕಣ್ಣಾರೆ ನೋಡಿದ ಹಾಗೂ ಆಗುತ್ತದೆ.